ಹಳೆ ಮನೆಯ ಹಲಗೆ ನೆಲಕ್ಕೆ ಯಾವ ಪಾಲಿಶ್?

ಪ್ರಶ್ನೆ: ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮಾವನವರ ಕಾಲದ ಮನೆ ಇದೆ. ಮಹಡಿ ಮೇಲಿನ ಕೋಣೆಗೆ ಸಾಗವಾನಿ ಹಲಗೆಯ ನೆಲ. 15 ಅಡಿ ಉದ್ದ, 12 ಅಡಿ ಅಗಲ. ಹಲಗೆ ಗಟ್ಟಿ ಇವೆ, ಆದರೆ ಕಳೆ ಹೋಗಿದೆ, ಅಲ್ಲಲ್ಲಿ ಎಣ್ಣೆ ಕಲೆ ಇದೆ. ಗೋಡೆ ಬದಿಗೆ ಹಿಂದೆ ಯಾವಾಗಲೋ ಕೆಂಪು ಆಯಿಲ್ ಪೇಂಟ್ ಬಳಿದಿದ್ದಾರೆ. ಪಾಲಿಶ್ ಮಾಡುವವರು ಮೆಲಮೈನ್ ಅಂತಾರೆ, ಪೇಂಟ್ ಅಂಗಡಿಯವರು ಪಿಯು (ಪಾಲಿಯುರೆಥೇನ್) ಅಂತಾರೆ, ನಮ್ಮ ಅಣ್ಣ ಅಗಸಿ ಎಣ್ಣೆ ಸಾಕು ಅಂತಾನೆ. ನನಗೆ ಗಾಢ ವಾಲ್‌ನಟ್ ಬಣ್ಣ ಇಷ್ಟ, ಕಲೆಯೂ ಮುಚ್ಚಿಹೋಗುತ್ತೆ ಅನ್ನೋ ಆಸೆ. ಇಬ್ಬರು ಸಣ್ಣ ಮಕ್ಕಳಿದ್ದಾರೆ. ಮಾವನವರು ಅದೇ ಕೋಣೆಯಲ್ಲಿ ಮಲಗುತ್ತಾರೆ. ಮಳೆಗಾಲದೊಳಗೆ ಕೆಲಸ ಮುಗಿಸಬೇಕು. ಯಾವುದು ಹಾಕಿಸಲಿ ಸರ್?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಮೆಲಮೈನ್ ಬೇಡವೇ ಬೇಡ. ಗಾಢ ಬಣ್ಣವೂ ಬೇಡ. ಈ ಕೋಣೆ ನನ್ನದಾಗಿದ್ದರೆ ಬಣ್ಣವಿಲ್ಲದ ಹಾರ್ಡ್‌ವ್ಯಾಕ್ಸ್ ಆಯಿಲ್, ಅಂದರೆ ಗಟ್ಟಿ ಮೇಣ ಸೇರಿಸಿದ ಎಣ್ಣೆ, ಹಾಕುತ್ತಿದ್ದೆ. ಅದು ಸಿಗಲಿಲ್ಲ ಅಂದರೆ ಮ್ಯಾಟ್ ಪಿಯು. ನಿಮ್ಮ ಅಣ್ಣನ ಮಾತು ಅರ್ಧ ಸರಿ. ಯಾವ ಅರ್ಧ ಅಂತ ಮುಂದೆ ಹೇಳುತ್ತೇನೆ.

ಡಬ್ಬಿ ಆರಿಸುವ ಮೊದಲು ಹಲಗೆಯನ್ನು ಸ್ವಲ್ಪ ಅರ್ಥ ಮಾಡಿಕೊಳ್ಳೋಣ. ಮರ ಕಡಿದು ಎಷ್ಟು ವರ್ಷವಾದರೂ ಹಲಗೆ ಗಾಳಿಯಲ್ಲಿನ ತೇವವನ್ನು ಕುಡಿಯುತ್ತೆ, ಬಿಡುತ್ತೆ. ಬೇಸಿಗೆಯಲ್ಲಿ ಗಾಳಿಯ ತೇವ ಶೇ 30ರ ಹತ್ತಿರ ಇದ್ದರೆ, ಮರದೊಳಗೆ ನಿಲ್ಲುವ ನೀರು ಒಣ ಮರದ ತೂಕದ ಶೇ 6ರಷ್ಟು. ಅದೇ ಗಾಳಿ ಬಹಳ ದಿನ ಶೇ 80ರಲ್ಲಿ ನಿಂತರೆ ಮರದ ನೀರು ಶೇ 16ಕ್ಕೆ ಏರುತ್ತೆ. ಧಾರವಾಡದ ಆಷಾಢ, ಶ್ರಾವಣ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗಲ್ಲ. ಹಲಗೆಗೂ ಅದೇ ಗಾಳಿ.

ನೀರು ಕುಡಿದ ಹಲಗೆ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಹಿಗ್ಗುತ್ತೆ. ಬೇರೆ ಮರಕ್ಕೆ ಹೋಲಿಸಿದರೆ ಸಾಗವಾನಿ ಕಡಿಮೆ ಹಿಗ್ಗುತ್ತೆ. ಆದರೂ 9 ಇಂಚು ಅಗಲದ ಹಲಗೆ ಒಂದು ವರ್ಷದಲ್ಲಿ 2 ಮಿಲಿಮೀಟರ್‌ನಷ್ಟು ಹಿಗ್ಗಿ ಕುಗ್ಗುವುದು ಸಹಜ. ನಿಮ್ಮ ಮನೆಯಲ್ಲೇ ನೋಡಿ. ಏಪ್ರಿಲ್‌ನಲ್ಲಿ ಸಂದಿಯೊಳಗೆ ಒಂದು ರೂಪಾಯಿ ನಾಣ್ಯ ಇಳಿಯುತ್ತೆ. ಆಗಸ್ಟ್‌ನಲ್ಲಿ ಅದೇ ಸಂದಿಯಲ್ಲಿ ಕಾಗದ ತೂರಿಸುವುದೂ ಕಷ್ಟ. ಹೀಗೆ ವರ್ಷಕ್ಕೊಮ್ಮೆ ಉಸಿರಾಡುವ ನೆಲದ ಮೇಲೆ ಏನು ಹಾಕಿದರೆ ಉಳಿಯುತ್ತೆ, ಕೆಟ್ಟರೆ ಯಾರು ಹೇಗೆ ರಿಪೇರಿ ಮಾಡುತ್ತಾರೆ? ಪಾಲಿಶ್ ಆರಿಸುವಾಗ ನಾನು ಕೇಳಿಕೊಳ್ಳುವುದು ಇದನ್ನೇ. ಹೊಳಪು, ಬಣ್ಣ ಎಲ್ಲ ಆಮೇಲೆ.

ಅಂಗಡಿಯಲ್ಲಿ ಎಷ್ಟೇ ಡಬ್ಬಿ ಇರಲಿ, ಮರಕ್ಕೆ ಹಾಕುವುದು ಎರಡೇ ಬಗೆ. ಒಂದು, ಮೇಲೆ ಪದರ ಕಟ್ಟುವುದು: ವಾರ್ನಿಶ್, ಮೆಲಮೈನ್, ಪಿಯು, ಅರಗಿನ ಪಾಲಿಶ್ ಎಲ್ಲ ಈ ಜಾತಿ. ಇನ್ನೊಂದು, ಮರದೊಳಗೆ ಇಳಿಯುವ ಎಣ್ಣೆ. ಪದರ ಗಟ್ಟಿ ಇದ್ದಷ್ಟು ದಿನ ಚೆನ್ನಾಗಿರುತ್ತೆ. ಕಿತ್ತಾಗ ಸಿಪ್ಪೆ ಏಳುತ್ತೆ, ಆ ಒಂದು ಜಾಗಕ್ಕೆ ಮಾತ್ರ ತೇಪೆ ಹಾಕಿದರೆ ಎದ್ದು ಕಾಣುತ್ತೆ. ಕೊನೆಗೆ ಇಡೀ ಕೋಣೆಯನ್ನು ಉಜ್ಜಬೇಕಾಗುತ್ತೆ. ಎಣ್ಣೆ ಬೇಗ ಸವೆಯುತ್ತೆ, ನಿಜ. ಆದರೆ ಸಿಪ್ಪೆ ಏಳಲ್ಲ. ಸವೆದ ಜಾಗಕ್ಕೆ ನೀವೇ ಕೂತು ಬಟ್ಟೆಯಲ್ಲಿ ತಿಕ್ಕಿದರೆ ಸುತ್ತಲಿನದರ ಜೊತೆ ಬೆರೆತುಹೋಗುತ್ತೆ.

ಮೆಲಮೈನ್ ಯಾಕೆ ಬೇಡ ಅಂದರೆ, ಅದು ಮೇಜು, ಕಪಾಟು, ಬಾಗಿಲಿಗೆ ಹೇಳಿ ಮಾಡಿಸಿದ್ದು. ಗಟ್ಟಿ, ಆದರೆ ಗಾಜಿನ ಹಾಗೆ ಪೆಡಸು. ಕೆಳಗೆ ಜಂತಿ, ಮೇಲೆ ಹಲಗೆ ಇರುವ ನೆಲ ನಡೆದಾಗ ಸ್ವಲ್ಪ ಬಳುಕುತ್ತೆ. ಬಳುಕಿದ ಕಡೆ ಆ ಪದರ ಕೂದಲೆಳೆಯಷ್ಟು ಸೀಳುತ್ತೆ, ಸೀಳಿನೊಳಗೆ ಒರೆಸುವ ನೀರು ಇಳಿಯುತ್ತೆ. ಮೆಲಮೈನ್ ಗಟ್ಟಿಯಾಗುವಾಗ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ಬಿಡುತ್ತೆ. ಕಣ್ಣು, ಮೂಗು ಉರಿಯುವ ಆ ವಾಸನೆ ಅದರದೇ. ವಯಸ್ಸಾದವರು ಮಲಗುವ ಕೋಣೆಗೆ ಅದನ್ನು ತರಬೇಡಿ. ಪಾಲಿಶ್ ಮಾಡುವವರ ಮೇಲೆ ತಪ್ಪು ಹೊರಿಸುತ್ತಿಲ್ಲ. ನಮ್ಮ ಕಡೆ ಅವರ ಕೈಗೆ ಬರುವುದು ನೂರರಲ್ಲಿ ತೊಂಬತ್ತು ಪಾಲು ಸೋಫಾ, ಬಾಗಿಲು. ಮರದ ನೆಲದ ಕೆಲಸ ಸಿಗುವುದೇ ಅಪರೂಪ.

ಅರಗಿನ ಪಾಲಿಶ್‌ಗೆ, ಅಂದರೆ ಸ್ಪಿರಿಟ್‌ನಲ್ಲಿ ಅರಗಿನ ಚಕ್ಕೆ ಕರಗಿಸಿ ಮಾಡುವುದಕ್ಕೆ, ಹಳೆ ಕುರ್ಚಿ ಮೇಲೆ ಬರುವ ಕಳೆ ಬೇರೆ ಯಾವುದಕ್ಕೂ ಬರಲ್ಲ. ಆದರೆ ನೆಲದ ಮೇಲೆ ಬಿಸಿ ಚಹಾದ ಕಪ್ ಇಟ್ಟರೂ ಬಿಳಿ ಉಂಗುರ ಬೀಳುತ್ತೆ. ಮಾಮೂಲಿ ವಾರ್ನಿಶ್ ಮೆತ್ತಗೆ, ಬೇಗ ಹಳದಿಯಾಗುತ್ತೆ. ಇವೆರಡನ್ನೂ ಬಿಡಿ.

ಪಿಯು ಒಳ್ಳೆಯ ವಸ್ತು. ಸವೆತಕ್ಕೆ ಬಹಳ ಗಟ್ಟಿ. ಮೆಟ್ಟಿಲು ಮರದ್ದಿದ್ದರೆ ಅದಕ್ಕೆ ಕಣ್ಣು ಮುಚ್ಚಿ ಪಿಯು ಹಾಕಿಸಿ. ನಿಮ್ಮ ಕೋಣೆಗೆ ಎರಡನೇ ಸ್ಥಾನ ಕೊಟ್ಟಿದ್ದಕ್ಕೆ ಕಾರಣ ಸಂದಿಗಳು. ಅದರಲ್ಲೂ ನೀರಿನ ಪಿಯು ಹಲಗೆ ಸಂದಿಗೆ ಇಳಿದು ಅಂಟಿನ ಹಾಗೆ ಹಿಡಿದುಕೊಳ್ಳುತ್ತೆ. ಬೇಸಿಗೆ ಬಂದಾಗ ಪ್ರತಿ ಹಲಗೆ ತನ್ನಷ್ಟಕ್ಕೆ ತಾನು ಕುಗ್ಗಬೇಕು. ಅಂಟಿಕೊಂಡಿದ್ದರೆ ನಾಲ್ಕೈದು ಹಲಗೆ ಒಂದೇ ಹಲಗೆಯಂತೆ ಕುಗ್ಗಿ, ಎಲ್ಲೋ ಒಂದು ಕಡೆ ಬೆರಳಗಲ ಬಾಯಿ ತೆರೆಯುತ್ತೆ. ಕೆಲವೊಮ್ಮೆ ಹಲಗೆಯೇ ಸೀಳುತ್ತೆ.

ಪಿಯು ಹಾಕಿಸುವುದೇ ಆದರೆ ಒಂದು ಮಾತು ಗಟ್ಟಿಯಾಗಿ ಹಿಡಿಯಿರಿ: ಕೆಳಗಿನ ಸೀಲರ್, ಅಂದರೆ ಮೊದಲು ಹಚ್ಚುವ ತಳದ ಕೋಟ್, ಕೂಡ ಅದೇ ಕಂಪನಿಯ ಪಿಯು ಸೀಲರ್ ಆಗಿರಬೇಕು. ನಾನು ಕೆಲಸ ಶುರು ಮಾಡಿದ ದಿನಗಳಲ್ಲಿ ಹುಬ್ಬಳ್ಳಿಯ ಒಂದು ಮನೆಯಲ್ಲಿ ಅಂಗಡಿಯವರ ಮಾತು ಕೇಳಿ ಎನ್.ಸಿ. (ನೈಟ್ರೋಸೆಲ್ಯುಲೋಸ್) ಸೀಲರ್ ಹೊಡೆದು ಮೇಲೆ ಪಿಯು ಹಾಕಿದೆ. ಎನ್.ಸಿ. ಅಗ್ಗ, ಅರ್ಧ ಗಂಟೆಯಲ್ಲಿ ಒಣಗುತ್ತೆ, ಕಪಾಟಿಗೆ ಎಲ್ಲರೂ ಅದನ್ನೇ ಹೊಡೆಯುತ್ತಾರೆ. ಮೊದಲ ಮಳೆಗಾಲ ಕಳೆಯಿತು. ಮನೆಯವರು ಕರೆದು ತೋರಿಸಿದರು. ಬಾಗಿಲ ಹತ್ತಿರ ಉಗುರು ತಾಗಿಸಿದರೆ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಅಂಗೈಯಗಲ ಎದ್ದು ಬಂತು. ಮೇಲಿನದು ಗಟ್ಟಿ, ಕೆಳಗಿನದು ಮೆತ್ತಗೆ. ಹಿಡಿತ ಎಲ್ಲಿಂದ ಬರಬೇಕು? ಇಡೀ ನೆಲವನ್ನು ನನ್ನ ಖರ್ಚಿನಲ್ಲಿ ಉಜ್ಜಿ ಮತ್ತೆ ಮಾಡಿಕೊಟ್ಟೆ. ಅವತ್ತಿನಿಂದ ಪಿಯು ಕೆಳಗೆ ಎನ್.ಸಿ. ಸೀಲರ್ ಕಂಡರೆ ಕೆಲಸ ನಿಲ್ಲಿಸುತ್ತೇನೆ.

ಎರಡು ಡಬ್ಬಿಯ ಪಿಯುನಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಬೇರೆ ಇರುತ್ತೆ. ಅದನ್ನು ಕಣ್ಣಳತೆಯಲ್ಲಿ ಬೆರೆಸಬಾರದು, ಡಬ್ಬಿ ಮೇಲೆ ಬರೆದ ಅಳತೆಯಲ್ಲೇ ಬೆರೆಸಬೇಕು. ಅದರಲ್ಲಿರುವ ಐಸೊಸಯನೇಟ್ ಉಸಿರಿಗೆ ಕೆಟ್ಟದ್ದು, ಕೆಲವರಿಗೆ ಅದರಿಂದಲೇ ಅಸ್ತಮಾ ಶುರುವಾಗುತ್ತೆ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಲದು, ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಕೆಲಸದವರಿಗೆ ನೀವೇ ಕೊಡಿಸಿ. ಗ್ಲಾಸಿ ಬೇಡ, ಮ್ಯಾಟ್ ತಗೊಳ್ಳಿ. ಗ್ಲಾಸಿ ನೆಲದ ಮೇಲೆ ಪ್ರತಿ ಗೆರೆಯೂ ಕಾಣುತ್ತೆ. ಸ್ನಾನ ಮಾಡಿ ಒದ್ದೆ ಕಾಲಲ್ಲಿ ಬರುವ ಮಾವನವರಿಗೆ ಜಾರಲೂಬಹುದು.

ಈಗ ಅಗಸಿ ಎಣ್ಣೆ. ಚಟ್ನಿಪುಡಿ ಮಾಡುವ ಅಗಸಿಯಿಂದಲೇ ತೆಗೆಯುವ ಎಣ್ಣೆ ಇದು, ಅಂಗಡಿಯಲ್ಲಿ ಲಿನ್‌ಸೀಡ್ ಆಯಿಲ್ ಅನ್ನುತ್ತಾರೆ. ಶೇಂಗಾ ಎಣ್ಣೆ ಬಳಿದರೆ ವರ್ಷವಾದರೂ ಜಿಡ್ಡಾಗೇ ಇರುತ್ತೆ. ಅಗಸಿ ಎಣ್ಣೆ ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗುತ್ತೆ. ಅದಕ್ಕೇ ಮರಕ್ಕೆ ನಡೆಯುತ್ತೆ. ಎಣ್ಣೆ ಮರದೊಳಗೆ ಇಳಿಯಬೇಕು ಅನ್ನುವ ತನಕ ನಿಮ್ಮ ಅಣ್ಣ ಸರಿ. ಆದರೆ ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಬೇಗ ಒಣಗಿಸುವ ಡ್ರೈಯರ್ ಸೇರಿಸಿದ ಬಾಯಿಲ್ಡ್ ಆಯಿಲ್ ಒಂದೆರಡು ದಿನದಲ್ಲಿ ಒಣಗುತ್ತೆ, ಆದರೆ ಮೆತ್ತಗೆ. ಧೂಳು ಹಿಡಿಯುತ್ತೆ, ವರ್ಷ ಕಳೆದಂತೆ ಕಪ್ಪಾಗುತ್ತೆ, ನಮ್ಮ ಮಳೆಗಾಲದಲ್ಲಿ ಬೂಷ್ಟು ಕೂಡ ಹಿಡಿಯುತ್ತೆ. ಒಂಟಿಯಾಗಿ ನೆಲಕ್ಕೆ ಅದು ಸಾಲದು.

ಹಾರ್ಡ್‌ವ್ಯಾಕ್ಸ್ ಆಯಿಲ್ ಅಂದರೆ ಅಗಸಿ, ಸೂರ್ಯಕಾಂತಿಯಂಥ ಎಣ್ಣೆಗಳ ಜೊತೆ ಕಾರ್ನೌಬಾದಂಥ ಗಟ್ಟಿ ಮೇಣ ಸೇರಿಸಿದ್ದು. ಎಣ್ಣೆ ಒಳಗೆ ಇಳಿಯುತ್ತೆ, ಮೇಣ ಮೇಲೆ ತೆಳುವಾಗಿ ನಿಲ್ಲುತ್ತೆ. ಹಲಗೆ ಹಿಗ್ಗಿದರೆ ಅದೂ ಹಿಗ್ಗುತ್ತೆ. ಒಂದು ಲೀಟರ್ ಸುಮಾರು 20 ಚದರ ಮೀಟರ್‌ಗೆ ಒಂದು ಕೋಟ್ ಬರುತ್ತೆ. ನಿಮ್ಮ ಕೋಣೆ 180 ಚದರ ಅಡಿ, ಅಂದರೆ 17 ಚದರ ಮೀಟರ್‌ಗೂ ಸ್ವಲ್ಪ ಕಡಿಮೆ. ಎರಡು ಕೋಟ್‌ಗೆ ಎರಡು ಲೀಟರ್ ಸಾಕು, ಮುಂದಿನ ವರ್ಷದ ರಿಪೇರಿಗೂ ಸ್ವಲ್ಪ ಉಳಿಯುತ್ತೆ. ಲೀಟರ್ ಲೆಕ್ಕದಲ್ಲಿ ಪಿಯುಗಿಂತ ದುಬಾರಿ. ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗಲ್ಲ, ಮೊದಲೇ ಹೇಳಿ ತರಿಸಬೇಕಾಗಬಹುದು. ಆದರೂ ಮುಂದೆ ಇಡೀ ಕೋಣೆ ಉಜ್ಜುವ ಖರ್ಚು, ಆ ಧೂಳು ಎರಡೂ ತಪ್ಪುತ್ತೆ.

ಬಣ್ಣದ ವಿಷಯಕ್ಕೆ ಬರೋಣ. ನಿಮ್ಮ ಮನಸ್ಸಿಗೆ ಬೇಸರವಾಗಬಹುದು, ಆದರೂ ಕೇಳಿ. ಸ್ಟೇನ್, ಅಂದರೆ ಮರಕ್ಕೆ ಹಚ್ಚುವ ಬಣ್ಣ, ಹಲಗೆಯ ಮೇಲ್ಮೈಯಲ್ಲಿ ಮಾತ್ರ ಇರುತ್ತೆ, ಕೆಳಗೆ ಸಾಗವಾನಿ ಹೊನ್ನಿನ ಬಣ್ಣದಲ್ಲೇ ಉಳಿದಿರುತ್ತೆ. ಕೋಣೆಯಲ್ಲಿ ಜನ ಎಲ್ಲ ಕಡೆ ಸಮನಾಗಿ ಓಡಾಡಲ್ಲ. ಬಾಗಿಲಿನಿಂದ ಮಂಚಕ್ಕೆ, ಮಂಚದಿಂದ ಕಿಟಕಿಗೆ. ವರ್ಷ ತುಂಬುವುದರೊಳಗೆ ಆ ದಾರಿಯಲ್ಲಿ ಗಾಢ ಬಣ್ಣ ಸವೆದು, ಹೊಲದ ನಡುವೆ ಕಾಲುದಾರಿ ಬಿದ್ದ ಹಾಗೆ ತಿಳಿ ಪಟ್ಟೆ ಕಾಣುತ್ತೆ. ಬಣ್ಣವಿಲ್ಲದ ನೆಲ ಸವೆದರೂ ಒಳಗಿನದು, ಹೊರಗಿನದು ಒಂದೇ ಬಣ್ಣ. ಇನ್ನೊಂದು: ಎಣ್ಣೆ ಕುಡಿದ ಕಲೆಯ ಮೇಲೆ ಸ್ಟೇನ್ ಸರಿಯಾಗಿ ಹಿಡಿಯಲ್ಲ. ಮುಚ್ಚಿಹೋಗಬೇಕಾದ ಕಲೆ ಇನ್ನೂ ಎದ್ದು ಕಾಣುತ್ತೆ. ಗಾಢ ನೆಲದ ಮೇಲೆ ನಮ್ಮ ಧಾರವಾಡದ ಕೆಮ್ಮಣ್ಣಿನ ಧೂಳು ಎಷ್ಟು ಕಾಣುತ್ತೆ ಅಂತ ಯೋಚಿಸಿ. ದಿನಕ್ಕೆ ಎರಡು ಸಲ ಒರೆಸಿದರೂ ಮಕ್ಕಳ ಹೆಜ್ಜೆ ಗುರುತು ಹೋಗಲ್ಲ.

ಉಜ್ಜಿದ ಹೊಸದರಲ್ಲಿ ಸಾಗವಾನಿ ಒಂದು ಹಲಗೆ ಹಸಿರು ಛಾಯೆ, ಇನ್ನೊಂದು ಹಳದಿ, ಹೀಗೆ ತೇಪೆ ತೇಪೆಯಾಗಿ ಕಾಣುತ್ತೆ. ಬಹಳ ಜನ ಅಲ್ಲೇ ಹೆದರಿ ಸ್ಟೇನ್‌ಗೆ ಓಡುತ್ತಾರೆ. ಕಿಟಕಿ ತೆಗೆದಿಡಿ. ಬೆಳಕು ಬಿದ್ದ ಹಾಗೆ ಕೆಲವು ವಾರದಲ್ಲಿ ಎಲ್ಲ ಒಂದೇ ಕಂದು ಹೊನ್ನಿಗೆ ಬರುತ್ತೆ. ಪಾಲಿಶ್ ಆದ ಮೇಲೆ ಹೇಗೆ ಕಾಣಬಹುದು ಅಂತ ಈಗಲೇ ನೋಡಬೇಕಾ? ಉಜ್ಜಿದ ಹಲಗೆಯ ಒಂದು ಮೂಲೆಗೆ ಒದ್ದೆ ಬಟ್ಟೆ ಒರೆಸಿ. ನೀರು ಆರುವ ಮೊದಲು ಕಾಣುವ ಆ ಬಣ್ಣವೇ ಹೆಚ್ಚುಕಡಿಮೆ ನಿಮ್ಮ ನೆಲದ ಬಣ್ಣ. ಅದನ್ನು ನೋಡಿದ ಮೇಲೂ ವಾಲ್‌ನಟ್ ಬೇಕು ಅನಿಸಿದರೆ, ಬಣ್ಣ ಬೆರೆಸಿದ ಹಾರ್ಡ್‌ವ್ಯಾಕ್ಸ್ ಆಯಿಲ್ ಸಿಗುತ್ತೆ. ತಿಳಿ ಛಾಯೆ ತಗೊಂಡು ಮೊದಲ ಕೋಟ್‌ಗೆ ಮಾತ್ರ ಹಾಕಿ. ಗೋಡೆ ಬಣ್ಣಕ್ಕೆ ಬೆರೆಸುವ ಸ್ಟೇನರ್ ಟ್ಯೂಬ್ ತಂದು ಇದಕ್ಕೆ ಸುರಿಯುವುದು ಬೇಡ.

ಆ ಕೆಂಪು ಆಯಿಲ್ ಪೇಂಟ್ ಬಗ್ಗೆ ನನಗೆ ನಿಜವಾಗಿ ಚಿಂತೆ ಇದೆ. ಹಳೆ ಆಯಿಲ್ ಪೇಂಟ್‌ಗಳಲ್ಲಿ ಸೀಸ ಇರುತ್ತಿತ್ತು. ನಮ್ಮ ದೇಶದಲ್ಲಿ ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ಬಂದಿದ್ದೇ 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಿಂದ. ನಿಮ್ಮ ಗೋಡೆ ಬದಿಯ ಪೇಂಟ್ ಅದಕ್ಕಿಂತ ಎಷ್ಟೋ ಹಳೆಯದು. ಅದನ್ನು ಒಣಗಿದ್ದಾಗ ಮೆಷಿನ್ ಹಚ್ಚಿ ಉಜ್ಜಿಸಬೇಡಿ. ಆ ಧೂಳು ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತೆ. ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತೆ, ಅದಕ್ಕೆ ಇಷ್ಟು ಕಡಿಮೆಯಾದರೆ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ. ಬೆಂಕಿ ಇಟ್ಟು ಸುಡಿಸುವುದೂ ತಪ್ಪು. ಪೇಂಟ್ ರಿಮೂವರ್ ಹಚ್ಚಿ, ಕಿಟಕಿ ತೆಗೆದು, ಮೆತ್ತಗಾದ ಬಣ್ಣವನ್ನು ಹಸಿಯಾಗಿದ್ದಾಗಲೇ ಕೆರೆದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿ. ಉಳಿದದ್ದನ್ನು ಒದ್ದೆ ಮಾಡಿಕೊಂಡು ಕೈಯಲ್ಲೇ ಉಜ್ಜಲಿ. ಈ ಕೆಲಸ ಮುಗಿದು ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸುವ ತನಕ ಮಕ್ಕಳು, ಮಾವನವರು ಬೇರೆ ಮನೆಯಲ್ಲಿರಲಿ.

ನಡುವಿನ ಹಲಗೆಗಳ ಮೇಲೆ ಹಳೆ ಪಾಲಿಶ್ ಉಳಿದಿದೆಯಾ ಅಂತ ನೋಡಲು ನಾಲ್ಕು ಹನಿ ನೀರು ಬಿಡಿ. ಮರ ಹೀರಿಕೊಂಡರೆ ಏನೂ ಉಳಿದಿಲ್ಲ. ಮುತ್ತಿನ ಹಾಗೆ ನಿಂತರೆ ಏನೋ ಇದೆ. ಆಗ ಹತ್ತಿಗೆ ಪಾಲಿಶ್ ಸ್ಪಿರಿಟ್ ಹಚ್ಚಿ ತಿಕ್ಕಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಯಾವುದೇ ಇರಲಿ, ಪೂರ್ತಿ ತೆಗೆಯಬೇಕು.

ಉಜ್ಜುವ ಮೊದಲು ಮಂಡಿಯೂರಿ ಕೂತು ಒಂದೊಂದೇ ಮೊಳೆ ಹುಡುಕಿ. ಹಳೆ ಕಬ್ಬಿಣದ ಮೊಳೆಗಳ ತಲೆ ಎದ್ದಿರುತ್ತೆ, ಪಂಚ್ ಇಟ್ಟು ಎರಡು ಮೂರು ಮಿಲಿಮೀಟರ್ ಒಳಗೆ ಹೊಡೆಸಿ. ಮೊಳೆ ಸುತ್ತ ಕಪ್ಪು ಉಂಗುರ ಇರುತ್ತೆ. ಅದು ಕಬ್ಬಿಣ ಮತ್ತು ಮರದ ಒಗರು ಸೇರಿ ಆದ ಕಲೆ, ಆಳಕ್ಕೆ ಇಳಿದಿರುತ್ತೆ. ಅದನ್ನು ತೆಗೆಯಲು ಹೋಗಿ ಹಲಗೆ ತೆಳು ಮಾಡಬೇಡಿ. ನನಗಂತೂ ಹಳೆ ನೆಲದ ಮೇಲೆ ಆ ಉಂಗುರಗಳು ಚೆಂದವೇ ಕಾಣುತ್ತವೆ. ಹುಳ ತಿಂದ ಪುಡಿ, ಗೆದ್ದಲಿನ ಮಣ್ಣು ಎಲ್ಲಾದರೂ ಕಂಡರೆ ಮೊದಲು ಅದಕ್ಕೆ ಔಷಧಿ ಮಾಡಿಸಿ, ಪಾಲಿಶ್ ಆಮೇಲೆ.

ಸ್ಯಾಂಡ್ ಪೇಪರ್ 60 ನಂಬರ್‌ನಿಂದ ಶುರು ಮಾಡಿ 80, 120ಕ್ಕೆ ನಿಲ್ಲಿಸಿ. ಮರದ ಎಳೆಯ ಉದ್ದಕ್ಕೇ ಉಜ್ಜಬೇಕು. ಮೇಜಿಗೆ ಮಾಡಿದ ಹಾಗೆ 320ರ ತನಕ ನುಣುಪು ಮಾಡಿದರೆ ಎಣ್ಣೆ ಒಳಗೆ ಇಳಿಯಲ್ಲ. ಹಲಗೆ ಸಂದಿಗೆ ಗಟ್ಟಿ ಪುಟ್ಟಿ ತುಂಬಿಸಲೇಬೇಡಿ. ಏಪ್ರಿಲ್‌ನಲ್ಲಿ ತುಂಬಿದ ಪುಟ್ಟಿಗೆ ಆಗಸ್ಟ್‌ನಲ್ಲಿ ಜಾಗ ಇರಲ್ಲ. ಪುಡಿಯಾಗಿ ಹಾರುತ್ತೆ, ಇಲ್ಲವೇ ಹಲಗೆಯನ್ನೇ ಎಬ್ಬಿಸುತ್ತೆ. ಇನ್ನೊಂದು ಮರೆಯುವ ವಿಷಯ: ಆ ಸಂದಿಗಳ ಕೆಳಗೆ ನಿಮ್ಮ ಪಡಸಾಲೆ ಇದೆ. ಧೂಳು, ಎಣ್ಣೆ ಹನಿ ಎಲ್ಲ ಕೆಳಗೆ ಬೀಳುತ್ತೆ. ಕೆಳಗಿನ ಸಾಮಾನು ಸರಿಸಿ ಪ್ಲಾಸ್ಟಿಕ್ ಹಾಸಿಡಿ.

ಸಾಗವಾನಿಯಲ್ಲಿ ಹುಟ್ಟಾ ಎಣ್ಣೆ ಇದೆ. ಅದಕ್ಕೇ ಅದು ಅಷ್ಟು ಬಾಳುವುದು. ಅದೇ ಎಣ್ಣೆ ಪಾಲಿಶ್ ಒಣಗುವುದನ್ನು ತಡೆಯುತ್ತೆ. ಧೂಳು ತೆಗೆದ ಮೇಲೆ, ಕೋಟ್ ಹಾಕುವ ಸ್ವಲ್ಪ ಮೊದಲು, ಥಿನ್ನರ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಹಳದಿಯಾಗುವುದು ಕಾಣುತ್ತೆ. ನಿಮ್ಮ ಎಣ್ಣೆ ಕಲೆಗಳಿಗೂ ಇದನ್ನೇ ಎರಡು ಮೂರು ಸಲ ಮಾಡಿ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಊದುಬತ್ತಿ ಬೇಡ.

ಆಮೇಲೆ ಮಂಚದಡಿ ಬರುವ ಜಾಗದಲ್ಲಿ ಒಂದಡಿ ಹಚ್ಚಿ ನೋಡಿ. ಸರಿ ಅನಿಸಿದರೆ ಇಡೀ ಕೋಣೆಗೆ ತೆಳ್ಳಗೆ ಒಂದು ಕೋಟ್. ತೆಳ್ಳಗೆ ಅಂದರೆ ನಿಜವಾಗಿ ತೆಳ್ಳಗೆ. ದಪ್ಪ ಹಾಕಿದರೆ ಗಟ್ಟಿ ಬರುತ್ತೆ ಅಂದುಕೊಳ್ಳುತ್ತಾರೆ, ಆದರೆ ದಪ್ಪ ಎಣ್ಣೆ ವಾರವಾದರೂ ಕಾಲಿಗೆ ಅಂಟುತ್ತೆ. ಹದಿನೈದು ನಿಮಿಷದ ಮೇಲೆ ಮರ ಕುಡಿಯದೇ ನಿಂತದ್ದನ್ನೆಲ್ಲ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮರುದಿನ ಎರಡನೇ ಕೋಟ್.

ಆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ. ಮುದ್ದೆಯಲ್ಲಿ ಆ ಬಿಸಿ ಹೊರಗೆ ಹೋಗದೆ, ಬೆಂಕಿ ಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತೆ. ಒಂದು ಏಪ್ರಿಲ್ ಮಧ್ಯಾಹ್ನ, ಊಟ ಮುಗಿಸಿ ಬಂದು ಬಕೆಟ್‌ನಲ್ಲಿದ್ದ ಬಟ್ಟೆ ಮುದ್ದೆಗೆ ಕೈ ಹಾಕಿದೆ. ಆಗ ತಾನೇ ಹೆಂಚಿನಿಂದ ಇಳಿಸಿದ ರೊಟ್ಟಿಯಷ್ಟು ಬಿಸಿ. ನಡುವಿನ ಬಟ್ಟೆ ಕಂದಾಗಿ ಸುಟ್ಟ ವಾಸನೆ ಬರುತ್ತಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಆ ಮನೆಯ ಗತಿ ಏನಾಗುತ್ತಿತ್ತು ಅಂತ ಈಗಲೂ ನೆನಪಾಗುತ್ತೆ. ಬಟ್ಟೆಯನ್ನು ಪೂರ್ತಿ ನೀರಲ್ಲಿ ಮುಳುಗಿಸಿಡಿ, ಇಲ್ಲವೇ ಹೊರಗೆ ಒಂದೊಂದಾಗಿ ಬಿಡಿಸಿ ಒಣಹಾಕಿ. ಕೆಲಸದವರು ಮನೆಗೆ ಹೊರಡುವ ಮುಂಚೆ ನೀವೇ ಖುದ್ದಾಗಿ ನೋಡಿ.

ಕಾಲದ ವಿಷಯ. ಫೆಬ್ರುವರಿ, ಮಾರ್ಚ್ ಈ ಕೆಲಸಕ್ಕೆ ಬಹಳ ಒಳ್ಳೆಯದು. ಗಾಳಿ ಒಣಗಿರುತ್ತೆ, ಹಲಗೆಯೂ ಒಣಗಿರುತ್ತೆ. ಮೇ ಬಂತು ಅಂದರೆ ಸಂಜೆ ಬಿರುಗಾಳಿ, ಅಡ್ಡಮಳೆ. ಹಸಿ ಎಣ್ಣೆ ಮೇಲೆ ಧೂಳು ಕೂತರೆ ಮತ್ತೆ ಉಜ್ಜಬೇಕು. ಎರಡು ಡಬ್ಬಿಯ ಪಿಯು ತೇವದ ಗಾಳಿಯಲ್ಲಿ ಗುಳ್ಳೆ ಏಳುತ್ತೆ. ಹಾಗಾಗಿ ಮೇ ಮೊದಲ ವಾರದೊಳಗೆ ಶುರು ಮಾಡಲು ಆಗದಿದ್ದರೆ ಅವಸರ ಬೇಡ. ದೀಪಾವಳಿ ಮುಗಿಯಲಿ, ಮಳೆಯ ತೇವ ಆರಲಿ, ಡಿಸೆಂಬರ್ ಹೊತ್ತಿಗೆ ಮಾಡಿಸಿ. ಇಷ್ಟು ವರ್ಷ ತಡೆದ ಹಲಗೆ ಇನ್ನಾರು ತಿಂಗಳು ತಡೆಯುತ್ತೆ.

ಎರಡನೇ ಕೋಟ್ ಆದ ಮರುದಿನ ಬರಿಗಾಲಲ್ಲಿ ಓಡಾಡಬಹುದು. ಮಂಚ ಒಂದು ವಾರ ಬಿಟ್ಟು ಇಡಿ, ಎಳೆಯದೆ ಎತ್ತಿ ಇಡಿ, ಕಾಲುಗಳಡಿ ದಪ್ಪ ಬಟ್ಟೆ ಅಂಟಿಸಿ. ಎರಡು ವಾರ ನೀರು ತಾಗಿಸಬೇಡಿ. ನಾವು ಮನೆಯೊಳಗೆ ಚಪ್ಪಲಿ ಹಾಕಲ್ಲ, ಅದು ಮರದ ನೆಲದ ಪುಣ್ಯ. ಆದರೆ ಕಾಲಿಗೆ ಅಂಟಿ ಬರುವ ಉಸುಕು ಸ್ಯಾಂಡ್ ಪೇಪರ್ ಇದ್ದ ಹಾಗೆಯೇ, ಆದ್ದರಿಂದ ಮೆಟ್ಟಿಲ ಕೆಳಗೆ ಒಂದು ಒರಟು ಕಾಲೊರಸು ಇರಲಿ. ದಿನವೂ ಕಸ ಹೊಡೆದು, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಫಿನಾಯಿಲ್, ಸೋಪಿನ ಪುಡಿ ಬೇಡ, ಬಕೆಟ್ ನೀರು ಸುರಿದು ತೊಳೆಯುವುದಂತೂ ಬೇಡವೇ ಬೇಡ. ರಬ್ಬರ್ ತಳದ ಮ್ಯಾಟ್ ಹಾಕಿದರೆ ಕಲೆ ಬೀಳುತ್ತೆ. ಹತ್ತಿಯ ಜಮಖಾನ ಒಳ್ಳೆಯದು, ನಿಮ್ಮ ಜಿಲ್ಲೆಯ ನವಲಗುಂದದ್ದೇ ಸಿಗುತ್ತೆ. ತಿಂಗಳಾದ ಮೇಲೆ ಹಾಸಿ. ಆಗಾಗ ಸರಿಸುತ್ತಿರಿ, ಇಲ್ಲದಿದ್ದರೆ ಅದರ ಕೆಳಗಿನ ಮರಕ್ಕೆ ಬೆಳಕು ಬೀಳದೆ ಬಣ್ಣ ಬೇರೆಯಾಗುತ್ತೆ.

ಉಳಿದ ಎಣ್ಣೆಯ ಡಬ್ಬಿಯನ್ನು ಗಟ್ಟಿಯಾಗಿ ಮುಚ್ಚಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬರುವ ವರ್ಷ ಸಂಕ್ರಾಂತಿ ಹೊತ್ತಿಗೆ ಬಾಗಿಲ ಹತ್ತಿರದ ಎರಡು ಮೂರು ಹಲಗೆ ಮಂಕಾಗಿ ಕಂಡರೆ, ಅಷ್ಟಕ್ಕೇ 150 ನಂಬರ್ ಪೇಪರ್‌ನಲ್ಲಿ ಹಗುರಾಗಿ ಉಜ್ಜಿ, ಧೂಳು ಒರೆಸಿ, ಒಂದು ತೆಳು ಕೈ ಹಚ್ಚಿ. ಅದಕ್ಕೆ ಯಾರನ್ನೂ ಕರೆಯಬೇಕಿಲ್ಲ.